ಯಾವ ಕಂಪನಿಗೂ ಸೇರದ ಕಾರು

ಗುರುಲಿಂಗನ ಆ ದಿನದ ಫಜೀತಿಗೆಲ್ಲ ಕಾರಣ ಒಂದೇ ಒಂದು ಇಂಗ್ಲಿಷ್ ಶಬ್ದ. ಬೆಳಿಗ್ಗೆ ಏಳಕ್ಕೆ ಅಂಗಳದಲ್ಲಿ ಹಲ್ಲುಜ್ಜುತ್ತ ನಿಂತವನ ಫೋನಿಗೆ ಬಂದ ಸಂದೇಶದಲ್ಲಿ ಆ ಶಬ್ದವಿತ್ತು. ಎಕ್ಸ್‌ಕ್ಲೂಸಿವ್.

"ಅಣ್ಣಾ, ಇವತ್ತ ನಾಕಕ್ಕ ಕಾರ್ ತಗೊಂಡು ಖೂಬಾ ಪ್ಲಾಟಿಗಿ ಬರ್ರಿ. ಹೈದರಾಬಾದಿನ ಸಾಹೇಬ್ರು ಬರಾಕತ್ತಾರ. ಕರಾರು ಎಕ್ಸ್‌ಕ್ಲೂಸಿವ್ ಅದ. ಸಹಿ ಆಗೋತನಕ ಕಾರಿಂದು ಒಂದ್ ಫೋಟೋ, ಒಂದ್ ವಿಡಿಯೋ ಎಲ್ಲೂ ಹೊರಗ ಬರಬಾರ್ದು. ಬಂತಂದ್ರ ಕರಾರು ಖಲಾಸ್" ಎಂದು ಕೌಸರ್ ಬರೆದಿದ್ದಳು.

ಓದಿದ ಸಂತೋಷಕ್ಕೆ ಗುರುಲಿಂಗ ಬಾಯಲ್ಲಿದ್ದ ನೊರೆಯನ್ನೆಲ್ಲ ನುಂಗಿಬಿಟ್ಟ.

ಅವನು ಕಮಲಾಪುರದ ಪಿಯು ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಅಟೆಂಡರ್. ವಾರದಲ್ಲಿ ಆರು ದಿನ ವಿದ್ಯಾರ್ಥಿಗಳು ಕೆಡಿಸಿಟ್ಟ ಸಾಮಾನು ರಿಪೇರಿ ಮಾಡುವುದು, ಏಳನೆಯ ದಿನ ಕಾರು ಕಟ್ಟುವುದು. ಹೀಗೆ ಹನ್ನೊಂದು ವರ್ಷದ ಭಾನುವಾರಗಳು ಸೇರಿ ಅವನ ಅಂಗಳದಲ್ಲಿ ಒಂದು ವಾಹನ ಎದ್ದು ನಿಂತಿತ್ತು. ಇಂಜಿನ್ ಹರಾಜಿನಲ್ಲಿ ಸಿಕ್ಕ ಜೀಪಿನದು, ಬಾಗಿಲು ಯಾವುದೋ ಕಾಲದ ಅಧಿಕಾರಿಯ ಕಾರಿನವು, ಮುಂದಿನ ಜಾಲರಿ ಲಾರಿಯದು, ಎರಡು ದೀಪ ಎರಡು ಊರಿನವು, ಸೀಟು ಟ್ರ್ಯಾಕ್ಟರಿನವು, ಹಾರ್ನ್ ಮಾತ್ರ ಅಪ್ಪಟ ಬಸ್ಸಿನದು. ದೂರದಿಂದ ನೋಡಿದರೆ, ಒಳ್ಳೆಯ ಕಾರೊಂದು ಸೀನುವಾಗ ಯಾರೋ ಫೋಟೋ ತೆಗೆದಂತೆ ಕಾಣುತ್ತಿತ್ತು.

ಇಂಥ ಕಾರನ್ನು ಹುಡುಕಿಕೊಂಡು ಎರಡು ತಿಂಗಳ ಹಿಂದೆ ಕೌಸರ್ ಕಮಲಾಪುರಕ್ಕೆ ಬಂದಿದ್ದಳು. ಅವಳೂ ಅವಳ ಚಿಕ್ಕಪ್ಪನ ಮಗ ಗುಫ್ರಾನನೂ ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯಲ್ಲಿ ಹಲ್ಲಿನ ಡಾಕ್ಟರ ಮನೆಯ ಮಹಡಿ ಮೇಲೆ ಮೂರು ಕಂಪ್ಯೂಟರ್ ಇಟ್ಟುಕೊಂಡು ಮೊಬೈಲಿನ ಗೇಮ್ ತಯಾರಿಸುತ್ತಿದ್ದರು. ಕಮಲಾಪುರದ ಬಜಾರಿನಿಂದ ಕಲಬುರಗಿಯ ಕೋಟೆಯತನಕ ಕಾರು ರೇಸು. ಅದರಲ್ಲಿ ಓಡಲು ಒಂದು ಹೆಸರಾಂತ ವಿದೇಶಿ ಕಾರನ್ನು ಹಾಕಿದ್ದೇ ತಡ, ವಕೀಲರ ಪತ್ರ ಬಂತು. ಆ ಕಾರಿನ ಹೆಸರು, ಆಕಾರ, ಸದ್ದು ಮೂರನ್ನೂ ಇನ್ನೊಂದು ದೊಡ್ಡ ಗೇಮಿನವರು ಹತ್ತು ವರ್ಷಕ್ಕೆ ತಮಗೊಬ್ಬರಿಗೇ ಎಂದು ಬರೆಸಿಕೊಂಡಿದ್ದರು. ಗುಫ್ರಾನ್ ಹೆಸರು ಬದಲಿಸಿದ. ಆಕಾರವೂ ನಮ್ಮದೇ ಎಂದು ಎರಡನೆಯ ಪತ್ರ ಬಂತು. ಆಕಾರ ಬದಲಿಸಿದ. ದೀಪದ ಕಣ್ಣೋಟ ಇನ್ನೂ ನಮ್ಮದೇ ಎಂದು ಮೂರನೆಯದು ಬಂತು.

"ಆ ಕಾರಿನ ಕಂಪನಿ ಒಂದೇ ಗೇಮಿನ ಕೂಡ ಲಗ್ನ ಆಗಿಬಿಟ್ಟದ ಅಣ್ಣಾ" ಎಂದು ಕೌಸರ್ ಅವತ್ತು ಇದೇ ಅಂಗಳದಲ್ಲಿ ಕೂತು ವಿವರಿಸಿದ್ದಳು. "ಬ್ಯಾರೇದವರು ಆ ಕಡಿ ಹೊಳ್ಳಿ ನೋಡೂ ಹಂಗಿಲ್ಲ. ನಮಗ ಯಾವ ಕಂಪನಿಗೂ ಸೇರದ ಕಾರ್ ಬೇಕು."

"ನಂದು ಯಾವ ಕಂಪನಿನೂ ಸೇರ್ಸಿಕೊಳ್ಳೂದಿಲ್ಲ" ಎಂದು ಗುರುಲಿಂಗ ಹೆಮ್ಮೆಯಿಂದ ಹೇಳಿದ್ದ.

ಗೇಮಿನಲ್ಲಿ ಕಾರಿನ ಮೇಲೆ 'ಗುರುಲಿಂಗ ಮೋಟರ್ಸ್' ಎಂದು ಬರುವುದೆಂದು ಮಾತಾಗಿತ್ತು. ಅವತ್ತಿನಿಂದ ಅವನು ಲ್ಯಾಬಿನ ಕಪ್ಪುಹಲಗೆಯ ಮೇಲೆ ಆ ಎರಡು ಶಬ್ದವನ್ನು ಬಗೆಬಗೆಯ ಅಕ್ಷರದಲ್ಲಿ ಬರೆದು ಒರೆಸುತ್ತಿದ್ದ. ಹನ್ನೊಂದು ವರ್ಷ ಊರವರು 'ಡಬ್ಬಿ' ಎಂದು ಕರೆದದ್ದಕ್ಕೆ ಒಂದು ಬ್ರಾಂಡ್ ಹೆಸರು ಬರುವುದೆಂದರೆ ಸಣ್ಣ ಮಾತೇ?

ಹೆಂಡತಿ ರಾಜೇಶ್ರೀಗೆ ಮಾತ್ರ ಈ ಸಂಭ್ರಮ ತಾಗಿರಲಿಲ್ಲ. "ಅಂಗಳದಾಗ ಒಂದ್ ಹಪ್ಪಳ ಒಣಗಿಸಲಿಕ್ಕ ಜಾಗ ಇಲ್ಲ" ಎಂದಳು ಚಹಾ ಕೊಡುತ್ತ. "ಗುಜರಿಯವನಿಗಿ ನಾಳಿ ಬಾ ಅಂತ ಹೇಳೀನಿ. ಇವತ್ತ ಸಹಿ ಆತಂದ್ರ ಇದು ಇರ್ಲಿ. ಆಗ್ಲಿಲ್ಲಂದ್ರ ತೂಕಕ್ಕ ಹೋಗ್ತದ."

"ಸಹಿ ಆಗೇ ಆಗ್ತದ ತಗಿ" ಎಂದ ಗುರುಲಿಂಗ.

ಅಷ್ಟರಲ್ಲಿ ಗೇಟಿನ ಬಳಿ ಚಂದ್ರಶಾ ಕಾಣಿಸಿಕೊಂಡ. ಅದೇ ಕಾಲೇಜಿನ ಗುಮಾಸ್ತ. ಊರಿನ ಎಲ್ಲ ವಾಟ್ಸಾಪ್ ಗುಂಪುಗಳಲ್ಲೂ ಇದ್ದವನು. ಯಾರ ಮನೆಯಲ್ಲಿ ಹಾಲು ಉಕ್ಕಿದರೂ ಮೊದಲ ಫೋಟೋ ಅವನದು. ಬಂದವನೇ ಕಾರಿಗೆ ಬೆನ್ನು ಹಚ್ಚಿ ಫೋನ್ ಮೇಲೆತ್ತಿದ. ಗುರುಲಿಂಗ ಹಾರಿ ಹೋಗಿ ಫೋನ್ ಕಸಿದುಕೊಂಡ.

"ಯಾಕೋ ಗುರಣ್ಣ, ನಾ ಏನ್ ಕಳುವು ಮಾಡಾಕತ್ತೀನೇನು?"

"ಫೋಟೋ ಹೊಡೀಬ್ಯಾಡಪ್ಪ. ಎಕ್ಸ್‌ಕ್ಲೂಸಿವ್ ಅದ." ಗುರುಲಿಂಗ ವಿಷಯವನ್ನೆಲ್ಲ ಬಿಡಿಸಿ ಹೇಳಿದ.

ಚಂದ್ರಶಾನ ಮುಖ ಗಂಭೀರವಾಯಿತು. "ಇದನ್ನ ನನಗ ಬಿಡು. ಯಾರೂ ಫೋಟೋ ಹೊಡೀದಂಗ ನಾ ನೋಡ್ಕೋತೀನಿ" ಎಂದು ಫೋನ್ ಇಸಿದುಕೊಂಡು, ಆರು ಗುಂಪಿಗೆ ಒಂದೇ ಸಂದೇಶ ಕಳಿಸಿದ: 'ಇವತ್ತು ನಮ್ಮ ಬಜಾರಿನ ಮೇಲೆ ಹಾದು ಹೋಗುವ ಒಂದು ಗುಪ್ತ ಕಾರಿನ ಫೋಟೋವನ್ನು ದಯವಿಟ್ಟು ಯಾರೂ ತೆಗೆಯಬಾರದು.'

ಬೇಡವೆಂದ ಮೇಲೆ ಕೇಳಬೇಕೆ? ಅರ್ಧ ಗಂಟೆಯಲ್ಲಿ ಕಮಲಾಪುರದ ಫೋನುಗಳೆಲ್ಲ ಚಾರ್ಜಿಗೆ ಬಿದ್ದವು.

ಸುದ್ದಿ ತಿಳಿದು ಗುರುಲಿಂಗನಿಗೆ ಬೆವರು ಬಂತು. ಕಾರನ್ನು ಮುಚ್ಚಿಕೊಂಡು ಹೋಗುವುದೊಂದೇ ದಾರಿ. ತಾಡಪತ್ರಿ ಹುಡುಕಿದರೆ ಇದ್ದೊಂದನ್ನು ರಾಜೇಶ್ರೀಯ ತವರಿನವರು ಒಯ್ದಿದ್ದರು. ಆಗ ಗೋಡೆಯಾಚೆಯಿಂದ ಪಕ್ಕದ ಮನೆಯ ಮಲ್ಕಮ್ಮನ ತಲೆ ಮೇಲೆದ್ದಿತು. ಎಪ್ಪತ್ತು ದಾಟಿದ ಆಕೆ ಆ ಗೋಡೆಯಾಚೆಯಿಂದಲೇ ಈ ಮನೆಯ ಎಲ್ಲ ವ್ಯವಹಾರ ನಡೆಸಿಕೊಂಡು ಬಂದಿದ್ದಳು.

"ಏನೋ ತಮ್ಮಾ, ಹಾಸಾಕ ಬೇಕೋ, ಹೊದ್ಯಾಕ ಬೇಕೋ?"

"ಕಾರಿಗಿ ಹೊದಸಾಕ ಬೇಕು ಆಯಿ."

"ನನ್ನ ಕೌದಿ ಅದಲ್ಲ."

ಅದು ಸಾಮಾನ್ಯ ಕೌದಿಯಲ್ಲ. ಮನೆಯ ಹೆಣ್ಣುಮಕ್ಕಳೆಲ್ಲರ ಹಳೆ ಸೀರೆಯ ತುಂಡು ಸೇರಿಸಿ ಮಲ್ಕಮ್ಮ ಐದು ವರ್ಷ ಹೊಲಿದದ್ದು. ಎಂಟು ಮಂದಿ ಸಾಲಾಗಿ ಮಲಗಿ ಹೊದೆಯಬಹುದಾದದ್ದು. ಕೆಂಪು, ಹಳದಿ, ಗಿಳಿಹಸಿರು ಚೌಕಗಳು ಒಂದನ್ನೊಂದು ತಳ್ಳಾಡಿಕೊಂಡು ಕೂತಿದ್ದವು. ಕೊಡಲು ಆಕೆಯದು ಒಂದೇ ಷರತ್ತು. "ಕೌದಿ ಹೋದಲ್ಲಿ ನಾ ಬರ್ತೀನಿ. ಅದೊಂದನ್ನೇ ಕಳಿಸೂದಿಲ್ಲ."

ಹನ್ನೊಂದಕ್ಕೆ ಗಾಡಿ ಹೊರಟಿತು. ಮುಂದಿನ ಗಾಜಿನ ಮೇಲೆ ಅಂಗೈಯಗಲದ ಸೀಳು ಬಿಟ್ಟು ಉಳಿದುದೆಲ್ಲ ಕೌದಿಯೊಳಗೆ. ಗುರುಲಿಂಗನಿಗೆ ಆ ಸೀಳಿನಲ್ಲಿ ಕಾಣುತ್ತಿದ್ದದ್ದು ಎದುರಿನವರ ಹೊಟ್ಟೆ ಮಾತ್ರ. ಪಕ್ಕದ ಸೀಟಿನಲ್ಲಿ ಮಲ್ಕಮ್ಮ. ಮುಂದೆ ಬೈಕಿನ ಮೇಲೆ ಚಂದ್ರಶಾ, ಕರೆಯದೆ ಬಂದ ಬೆಂಗಾವಲು.

ಬಜಾರು ತುಂಬಿ ನಿಂತಿತ್ತು. ಜನ ಸೇರಿದ್ದು ನೋಡಿ ಚಂದ್ರಶಾ ಗುಟ್ಟು ಕಾಪಾಡಲು ಒಬ್ಬೊಬ್ಬರಿಗೆ ಒಂದೊಂದು ಕತೆ ಹೇಳುತ್ತ ಹೋದ. ಒಬ್ಬನಿಗೆ ಒಳಗಿರುವುದು ಮಂತ್ರಿಗಳ ಹೊಸ ಗಾಡಿ ಎಂದ, ಇನ್ನೊಬ್ಬನಿಗೆ ನೀರಿನ ಟ್ಯಾಂಕು ಎಂದ. ಬಾಳೆಹಣ್ಣಿನ ಬಂಡಿಯ ನಬಿಸಾಬನಿಗೆ ಮಾತ್ರ, ಆ ಗದ್ದಲದಲ್ಲಿ ಬೇರೇನೂ ಹೊಳೆಯದೆ, ಮದುಮಗಳು ಎಂದುಬಿಟ್ಟ.

ನಬಿಸಾಬ ಕರಗಿಹೋದ. ಒಂದು ಚಿಪ್ಪು ಕೆಂಪು ಬಾಳೆಹಣ್ಣು ತಂದು ಕೌದಿಯ ಅಂಚಿನಲ್ಲಿ ಹಿಡಿದು, "ತಗೋ ಬೇಟಿ, ಖುಷ್ ರಹೋ" ಎಂದ. ಕೌದಿಯೊಳಗಿಂದ ಹಸಿರು ಬಳೆಯ ಕೈಯೊಂದು ಹೊರಬಂದು ಹಣ್ಣು ಒಯ್ದಿತು.

"ಕೈ ಭಾಳ ಒರಟದ ಪಾಪ, ಹೊಲದ ಕೆಲಸ ಮಾಡ್ಯಾಳ" ಎಂದ ನಬಿಸಾಬ ಪಕ್ಕದವರಿಗೆ.

ಒಳಗೆ ಮಲ್ಕಮ್ಮ ಹಣ್ಣು ಸುಲಿಯುತ್ತ, "ಹುಡುಗ ಛಲೋ ಇದ್ದಾನ" ಎಂದಳು. ಹೊರಗೆ ನೂರು ಫೋನು ಎದ್ದು ನಿಂತು ವಿಡಿಯೋ ಮಾಡುತ್ತಿದ್ದವು. ಮಾಡಲಿ, ಎಂದುಕೊಂಡ ಗುರುಲಿಂಗ. ಕಾಣುವುದು ಕೌದಿ ತಾನೇ? ಕಾರಿನ ಒಂದು ತಿರುಪೂ ಯಾರ ಕಣ್ಣಿಗೂ ಬಿದ್ದಿಲ್ಲ.

ಊರು ದಾಟಿ ಹೆದ್ದಾರಿಗೆ ಬಿದ್ದ ಮೇಲೆ ಗಾಳಿ ಶುರುವಾಯಿತು. ಕೌದಿ ಉಸಿರು ತುಂಬಿಕೊಂಡು ಹೊಟ್ಟೆ ಉಬ್ಬಿಸಿತು. ಕಟ್ಟಿದ್ದ ಹಗ್ಗ ಒಂದೊಂದೇ ಬಿಚ್ಚಿಕೊಂಡು ಹಿಂದೆ ಬಾಲದಂತೆ ಹಾರತೊಡಗಿತು. ಪಕ್ಕದಲ್ಲಿ ಬಂದ ಬಸ್ಸಿನವನು ಇದೇನೆಂದು ನೋಡಲು ವೇಗ ಇಳಿಸಿದ. ಅವನಿಂದ ತಪ್ಪಿಸಿಕೊಳ್ಳಲು ಗುರುಲಿಂಗ ವೇಗ ಏರಿಸಿದ. ಬಸ್ಸಿನವನಿಗೆ ಹಟ ಬಂತು. ಎರಡು ಮೈಲಿ ಬಸ್ಸೂ ಕೌದಿಯೂ ಹೆಗಲಿಗೆ ಹೆಗಲು ಹಚ್ಚಿ ಓಡಿದವು. ಬಸ್ಸಿನ ಕಿಟಕಿಗಳಲ್ಲಿ ಫೋನುಗಳ ತೋರಣ.

"ಎಡಕ್ಕ ಹೊಡಿ, ಎಮ್ಮಿ ಬಂತು" ಎಂದು ಮಲ್ಕಮ್ಮ ಕೌದಿಯಿಂದ ತಲೆ ಹೊರಹಾಕಿ ಕೂಗತೊಡಗಿದಳು. "ಬಲಕ್ಕ, ಬಲಕ್ಕ. ಅಯ್ಯ ನಿನ್ನ, ಅದು ನಿನ್ನ ಎಡ. ಉಣ್ಣೂ ಕೈ ಕಡಿ ಹೋಗು. ಟ್ರ್ಯಾಕ್ಟರ್ ಬಂತು, ನಿಂದ್ರು. ಹೋಗು, ಹೋಗು, ಅವನೇ ನಿಂತಾನ."

ಹನ್ನೊಂದು ವರ್ಷದಲ್ಲಿ ಆ ಕಾರು ಅಷ್ಟು ವೇಗ ಕಂಡಿರಲಿಲ್ಲ. ತನಗಾಗುತ್ತಿರುವುದು ಹೆದರಿಕೆಯೋ ಖುಷಿಯೋ ಗುರುಲಿಂಗನಿಗೇ ತಿಳಿಯಲಿಲ್ಲ. ಕೊನೆಗೆ ಬಸ್ಸು ನಿಲ್ದಾಣವೊಂದರಲ್ಲಿ ಸೋತು ನಿಂತಿತು. ಅವನು ಗಾಡಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದ. ಮಲ್ಕಮ್ಮ ಸೆರಗಿನಿಂದ ದಬ್ಬಳ ತೆಗೆದು, ಕೌದಿಯ ಅಂಚನ್ನು ಹಿಂದೆ ಮುಂದೆ ಬಂಪರಿನ ತೂತುಗಳಿಗೆ ಹೊಲಿದುಬಿಟ್ಟಳು. ಅದಕ್ಕೆ ಒಂದು ತಾಸು ಹಿಡಿಯಿತು.

ಕಲಬುರಗಿ ಮುಟ್ಟುವಾಗ ಮೂರು. ಒಳಗೆ ಒಲೆಯ ಮೇಲೆ ಕೂತಂತೆ ಸೆಖೆ. ಬೆವರು ಕಣ್ಣಿಗಿಳಿದು ಸೀಳೂ ಕಾಣದಾಯಿತು. ಚಂದ್ರಶಾ ಎಲ್ಲೋ ಸಿಗ್ನಲ್ಲಿನಲ್ಲಿ ಹಿಂದೆ ಬಿದ್ದಿದ್ದ.

"ಆಯಿ, ದಾರಿ ಗೊತ್ತದೇನು?"

"ಗೊತ್ತಿರ್ಲಾರ್ದು ಏನು? ಮೊಮ್ಮಗ ಹುಟ್ಟಿದಾಗ ಎಂಟ್ ದಿನ ಇದೇ ಊರಾಗಿದ್ದೆ. ನೀ ನಾ ಹೇಳಿದಂಗ ಹೊಡಿ."

ಹೇಳಿದಂತೆ ಹೊಡೆದ. ಎಡಕ್ಕೆ, ಬಲಕ್ಕೆ, ನೇರಕ್ಕೆ, ಮತ್ತೆ ಎಡಕ್ಕೆ. "ಇಲ್ಲೇ, ಬಂತು ನೋಡು" ಎಂದು ಆಕೆ ಗೆಲುವಿನಿಂದ ಕೂಗಿದಾಗ ಬ್ರೇಕ್ ಹಾಕಿದ. ಗಾಡಿ ನಿಂತದ್ದು ಸೇಡಂ ರಸ್ತೆಯ ಹೆರಿಗೆ ಆಸ್ಪತ್ರೆಯ ಬಾಗಿಲಲ್ಲಿ. ಊರಿನಲ್ಲಿ ಮಲ್ಕಮ್ಮನಿಗೆ ಗೊತ್ತಿದ್ದದ್ದು ಅದೊಂದೇ ದಾರಿ.

ಬಣ್ಣದ ಕೌದಿ ಹೊದ್ದ ಗಾಡಿಯೊಂದು ಕಿರುಚುತ್ತ ಬಂದು ನಿಂತದ್ದನ್ನೂ ಒಳಗೆ ಹೆಣ್ಣುಧ್ವನಿ ಕೂಗುತ್ತಿದ್ದುದನ್ನೂ ಕಂಡು ಆಸ್ಪತ್ರೆಯ ಇಬ್ಬರು ಸ್ಟ್ರೆಚರ್ ತಳ್ಳಿಕೊಂಡು ಓಡಿಬಂದರು. ಹಿಂದೆ ಬಂದ ನರ್ಸ್, "ನೋವು ಶುರುವಾಗಿ ಎಷ್ಟ್ ಹೊತ್ತಾತ್ರಿ?" ಎಂದು ಕೇಳಿದಳು.

"ಬೆಳಿಗ್ಗೆ ಏಳರಿಂದ" ಎಂದು ಗುರುಲಿಂಗ ಒಳಗಿಂದ ನಿಜವನ್ನೇ ಹೇಳಿದ.

ಗಂಡಸಿನ ದನಿ ಕೇಳಿ ನರ್ಸ್ ಹಿಂದೆ ಸರಿದಳು. ಆಗ ಕೌದಿಯಿಂದ ಮಲ್ಕಮ್ಮನ ನರೆತ ತಲೆ ಹೊರಬಂದದ್ದೇ ಸ್ಟ್ರೆಚರಿನವರು ನಿಂತಲ್ಲೇ ನಿಂತರು. "ಯಾರಿಗೂ ಏನೂ ಆಗಿಲ್ಲವ್ವ" ಎಂದಳು ಆಕೆ. "ಖೂಬಾ ಪ್ಲಾಟ್ ಯಾವ ಕಡಿ ಬರ್ತದ?"

ನಾಲ್ಕೂ ಹತ್ತಕ್ಕೆ ಗಾಡಿ ಖೂಬಾ ಪ್ಲಾಟಿನ ಆ ಮನೆಯ ಕಾಂಪೌಂಡು ಹೊಕ್ಕಿತು. ಅದರ ಹಿಂದೆಯೇ ಚಂದ್ರಶಾನೂ ಬಂದು ಮುಟ್ಟಿದ. ಕೌಸರ್ ಗೇಟು ಹಾಕಿಸಿದಳು. ಹೈದರಾಬಾದಿನ ಖಮರುದ್ದೀನ್ ಸಾಹೇಬರು ಕುರ್ಚಿಯಿಂದ ಎದ್ದು ಬಂದರು. ಗೇಮುಗಳ ಲೈಸೆನ್ಸ್ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡ ಮನುಷ್ಯ. ಅವರು ಹೂಂ ಎಂದರೆ ಗೇಮ್ ಹೊರಬರುತ್ತದೆ, ಊಹೂಂ ಎಂದರೆ ಇಲ್ಲ.

"ಒಂದ್ ಫೋಟೋನೂ ಹೊರಗ ಹೋಗಿಲ್ರಿ" ಎಂದ ಗುರುಲಿಂಗ. ಅಂಗಿ ಹಿಂಡಿದರೆ ಒಂದು ಕೊಡ ನೀರು ಬರುವಂತಿತ್ತು.

"ಶಾಬಾಸ್. ಬಿಚ್ಚರಿ" ಎಂದರು ಸಾಹೇಬರು.

ಮಲ್ಕಮ್ಮ ಹೊಲಿಗೆ ಬಿಚ್ಚಿದಳು. ಕೌದಿ ಸರಿಯಿತು. ಸಾಹೇಬರು ಕಾರಿನ ಸುತ್ತ ಒಂದು ಸುತ್ತು ಬಂದರು. ಕನ್ನಡಕ ಒರೆಸಿಕೊಂಡು ಇನ್ನೊಂದು ಸುತ್ತು ಬಂದರು.

"ಈ ಬಾಗ್ಲು ಯಾರದರಿ?"

"ಗುಜರಿದು ಸಾಹೇಬ್ರ."

"ಗುಜರಿಗಿ ಹೋದ್ರೂ ಆಕಾರ ಮಾಡಿದವರದೇ. ಅವರ ವಕೀಲ್ರು ನನಗ ಚೆಂದಂಗಿ ಗೊತ್ತು. ಈ ಜಾಲರಿ ಇನ್ನೊಂದ್ ಕಂಪನಿದು. ಈ ದೀಪ ಮತ್ತೊಬ್ಬರದು, ಆ ದೀಪ ಮಗದೊಬ್ಬರದು. ಇಂಜಿನ್ ಚಾಲೂ ಮಾಡ್ರಿ." ಇಂಜಿನ್ ಗುಡುಗಿತು. ಸಾಹೇಬರು ಕಣ್ಣು ಮುಚ್ಚಿ ಕೇಳಿ, "ಈ ಸದ್ದು ಜೀಪಿನವರದು" ಎಂದರು.

"ಹಾರ್ನ್ ಯಾರದೂ ಅಲ್ರಿ, ಬಸ್ಸಿಂದು" ಎಂದ ಗುರುಲಿಂಗ ಕೊನೆಯ ಆಸೆಯಿಂದ.

"ಅಂದ್ರ ಸರ್ಕಾರದ್ದು. ಅವರ ಕೂಡ ಜಗಳ ಬಿಲ್ಕುಲ್ ಬ್ಯಾಡ." ಸಾಹೇಬರು ಕುರ್ಚಿಯಲ್ಲಿ ಕುಸಿದರು. "ಒಂದು ಕಂಪನಿಗಿ ಅಂಜಿ ಈ ಹುಡುಗಿ ನಿಮ್ಮ ಹತ್ರ ಬಂದಾಳ. ನೀವು ಐದು ಕಂಪನಿನ ಒಂದೇ ಗಾಡಿಯಾಗ ಕೂಡಿಸ್ಕೊಂಡು ಬಂದೀರಿ."

ಕೌಸರ್ ನೆಲ ನೋಡಿದಳು. ಗುರುಲಿಂಗನಿಗೆ ಕಪ್ಪುಹಲಗೆಯ ಮೇಲಿನ ಎರಡು ಶಬ್ದವನ್ನು ಯಾರೋ ಒದ್ದೆ ಅರಿವೆಯಿಂದ ಒರೆಸಿದಂತಾಯಿತು.

ಅಷ್ಟರಲ್ಲಿ ಗುಫ್ರಾನ್ ಮಹಡಿಯಿಂದ ಮೂರು ಮೆಟ್ಟಿಲಿಗೊಂದು ಹೆಜ್ಜೆ ಹಾಕಿ ಇಳಿದುಬಂದ, ಕೈಯಲ್ಲಿ ಫೋನು. "ಸಾಹೇಬ್, ಇದನ್ನ ನೋಡ್ರಿ. ಮಧ್ಯಾಹ್ನದಿಂದ ಎಲ್ಲಾ ಕಡಿ ಇದೇ ಓಡಾಕತ್ತದ. ಬಸ್ಸಿನ ಕೂಡ ರೇಸ್. ಲಕ್ಷ ಮಂದಿ ನೋಡ್ಯಾರ. ಇದು ಯಾವ ಗೇಮಿನ ಕಾರ್ ಅಂತ ಕೇಳಾಕತ್ತಾರ."

ಫೋನಿನಲ್ಲಿ ಬಣ್ಣಬಣ್ಣದ ಕೌದಿಯೊಂದು ಹೊಟ್ಟೆ ಉಬ್ಬಿಸಿಕೊಂಡು, ಬಾಲ ಬೀಸಿಕೊಂಡು, ಬಸ್ಸನ್ನು ಹಿಂದೆ ಹಾಕುತ್ತಿತ್ತು. ಸಾಹೇಬರು ಎರಡು ಸಲ ನೋಡಿದರು. ಮೂರನೆಯ ಸಲಕ್ಕೆ ಎದ್ದು ನಿಂತರು.

"ವಾಪಸ್ ಮುಚ್ಚರಿ" ಎಂದರು.

ಮುಚ್ಚಿದರು. ಸಾಹೇಬರು ಸುತ್ತು ಬಂದರು. ಬಾಗಿಲು ಕಾಣಲಿಲ್ಲ, ಜಾಲರಿ ಕಾಣಲಿಲ್ಲ, ದೀಪ ಕಾಣಲಿಲ್ಲ. "ಇದು ಯಾವ ಕಂಪನಿದೂ ಅಲ್ಲ" ಎಂದರು. ಅವರ ಬಿಳಿ ತಲೆಗೆ ಹತ್ತು ವರ್ಷ ಕಡಿಮೆಯಾದಂತಿತ್ತು. "ಜಗತ್ತಿನಾಗ ಯಾವ ಗೇಮಿನಾಗೂ ಇಂಥ ಕಾರಿಲ್ಲ. ಕೌಸರ್, ಕಾಗದ ತಗೊಂಬಾ."

ಗುರುಲಿಂಗನ ಜೀವ ಮರಳಿ ಬಂತು. ಜೇಬಿನಿಂದ ಪೆನ್ ತೆಗೆದು ಅದರ ಟೋಪಿ ಬಿಚ್ಚಿದ. "ಎಲ್ಲಿ ಸಹಿ ಮಾಡಲ್ರಿ?"

"ನಿಮ್ಮ ಸಹಿ ಯಾಕರಿ? ಕೌದಿ ಯಾರದು?"

ಎಲ್ಲರೂ ಮಲ್ಕಮ್ಮನ ಕಡೆ ತಿರುಗಿದರು. ಆಕೆ ಕೊನೆಯ ಬಾಳೆಹಣ್ಣು ಮುಗಿಸಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು.

"ಒಳಗಿರೂದು ನನ್ನ ಕಾರಲ್ಲೇನ್ರಿ?" ಎಂದ ಗುರುಲಿಂಗ.

"ಒಳಗ ಏನದ ಅಂಬೂದು ಯಾರಿಗೂ ಗೊತ್ತಾಗಬಾರ್ದು. ಗೊತ್ತಾದ್ರ ಐದೂ ಕಂಪನಿ ಬಂದು ಕೂಡ್ತಾವ."

ಮಲ್ಕಮ್ಮ ಕೂಡಲೇ ಒಪ್ಪಲಿಲ್ಲ. ಚೌಕಗಳ ಬಣ್ಣ ಬದಲಿಸಬಾರದು, ತನ್ನ ಅತ್ತೆ ಮಾನಮ್ಮನ ಸೀರೆಯ ತುಂಡು ಮುಂದೆಯೇ ಬರಬೇಕು, ಗೇಮಿನಲ್ಲಿಯೂ ಕೌದಿಯನ್ನು ಯಾರೂ ಕೆಸರಿನಲ್ಲಿ ಓಡಿಸಬಾರದು ಎಂದು ಒಂದೊಂದಾಗಿ ಬರೆಸಿದಳು. ಆಮೇಲೆ ದೊಡ್ಡ ಅಕ್ಷರದಲ್ಲಿ ಸಹಿ ಹಾಕಿದಳು. ವಿಡಿಯೋದಲ್ಲಿ ಆಕೆ ಕೂಗುತ್ತಿದ್ದುದನ್ನು ಕೇಳಿ ಸಾಹೇಬರು ಹೊಟ್ಟೆ ಹಿಡಿದು ನಕ್ಕಿದ್ದರು. ಗೇಮಿನಲ್ಲಿ ದಾರಿ ಹೇಳುವ ದನಿಯೂ ಆಕೆಯದೇ ಎಂದು ನಿಶ್ಚಯವಾಯಿತು. ಗುಫ್ರಾನ್ ಮೈಕ್ ತಂದ. ಆಕೆ ಹತ್ತು ನಿಮಿಷ ಎಮ್ಮೆ, ಟ್ರ್ಯಾಕ್ಟರ್, ಉಣ್ಣುವ ಕೈ ಎಲ್ಲ ಕೂಗಿಕೊಟ್ಟಳು. ಕಾರಿಗೆ ಹೆಸರು 'ಮಲ್ಕಮ್ಮ ಮೋಟರ್ಸ್' ಎಂದಾಯಿತು.

ಕಾಗದದ ಕೊನೆಯಲ್ಲಿ ಗುರುಲಿಂಗನಿಗೂ ಒಂದು ಜಾಗ ಸಿಕ್ಕಿತು, ಸಾಕ್ಷಿ ಎಂದು. ಕೌದಿಯ ಕೆಳಗೆ ಏನಿತ್ತೆಂಬುದನ್ನು ಯಾರಿಗೂ ಹೇಳತಕ್ಕದ್ದಲ್ಲ, ಇನ್ನು ಮುಂದೆ ಆ ಕೌದಿಯನ್ನು ಯಾವ ವಾಹನದ ಮೇಲೂ ಹೊದಿಸತಕ್ಕದ್ದಲ್ಲ ಎಂಬ ಎರಡು ಮಾತಿನ ಕೆಳಗೆ ಅವನು ಸಹಿ ಮಾಡಿದ. ಎರಡನೆಯ ಸಾಕ್ಷಿ ಚಂದ್ರಶಾ.

"ಮನಸಿಗಿ ಹಚ್ಕೋಬ್ಯಾಡ್ರಿ ಅಣ್ಣಾ" ಎಂದಳು ಕೌಸರ್ ಗೇಟಿನಲ್ಲಿ.

"ಇಲ್ಲವ್ವ" ಎಂದ ಗುರುಲಿಂಗ. ಹಚ್ಚಿಕೊಳ್ಳಲು ಇನ್ನೇನೂ ಉಳಿದಿರಲಿಲ್ಲ.

ಕೌದಿ ಈಗ ಕಂಪನಿಯ ಬೆಲೆಬಾಳುವ ಸೊತ್ತು. ಅದನ್ನೂ ಮಲ್ಕಮ್ಮನನ್ನೂ ಸಾಹೇಬರು ತಮ್ಮ ಏಸಿ ಕಾರಿನಲ್ಲಿ ಕೂಡಿಸಿ ಊರಿಗೆ ಕಳಿಸಿದರು. ಚಂದ್ರಶಾ ಬೈಕಿನ ದೀಪ ಹಚ್ಚಿಕೊಂಡು ಅದರ ಮುಂದೆ ಹೋದ. ಗುರುಲಿಂಗ ಬರಿಮೈಯ ಕಾರಿನಲ್ಲಿ ಒಬ್ಬನೇ ಹೊರಟ. ದಾರಿಯುದ್ದಕ್ಕೂ ಒಂದು ಫೋನೂ ಅವನ ಕಡೆ ಏಳಲಿಲ್ಲ.

ಅರ್ಧ ದಾರಿಯಲ್ಲಿ ರಾಜೇಶ್ರೀಯ ಫೋನ್ ಬಂತು. "ಸಹಿ ಆತೇನ್ರಿ?"

"ಆತು."

"ಹಂಗಾದ್ರ ಗುಜರಿಯವನಿಗಿ ಬರಬ್ಯಾಡ ಅಂತ ಹೇಳಲೇನು?"

ಗುರುಲಿಂಗ ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿದ. "ಸಹಿ ಮಲ್ಕಮ್ಮ ಆಯಿದಾತು" ಎಂದ.

"ಹಂಗಾದ್ರ ಬರ್ಲಿ" ಎಂದು ಆಕೆ ಫೋನಿಟ್ಟಳು.

ಕಮಲಾಪುರದ ಬಜಾರು ಮುಟ್ಟಿದಾಗ ಸಂಜೆ ಕವಿಯುತ್ತಿತ್ತು. ರಸ್ತೆಯ ಎರಡೂ ಕಡೆ ಜನ ಬೆಳಗಿಗಿಂತ ಇಮ್ಮಡಿ. ಕಾಲೇಜಿನ ಹುಡುಗರು, ಹೆಗಲ ಮೇಲೆ ಕೂಸು ಹೊತ್ತವರು, ಎಲ್ಲರ ಕೈಯಲ್ಲೂ ಫೋನು, ಎಲ್ಲರ ಕಣ್ಣೂ ಕಲಬುರಗಿ ದಿಕ್ಕಿಗೆ. ಗುರುಲಿಂಗ ಹಾರ್ನ್ ಹೊಡೆದ. ಯಾರೂ ಸರಿಯಲಿಲ್ಲ. ನಬಿಸಾಬ ಬಂಡಿ ಬಿಟ್ಟು ಬಂದು ಬಾನೆಟ್ಟಿನ ಮೇಲೆ ಕೈ ಬಡಿದ.

"ಗುರುಲಿಂಗಪ್ಪ, ನಿಮ್ಮ ಈ ಡಬ್ಬಿ ಬಾಜೂಕ ತಗೀರಿ. ಕೌದಿ ಕಾರ್ ಹೊಳ್ಳಿ ಬರೂ ಟೈಮ್ ಆಗ್ಯದ. ಅದಕ್ಕ ದಾರಿ ಬಿಡ್ರಿ."

ಗುರುಲಿಂಗ ಬಾಯಿ ತೆರೆದ. ಸಹಿ ನೆನಪಾಗಿ ಮುಚ್ಚಿದ. ಗೇರ್ ಬದಲಿಸುವ ಗಡಿಬಿಡಿಯಲ್ಲಿ ಇಂಜಿನ್ ನಿಂತೇಹೋಯಿತು. ಅದಕ್ಕೇ ಕಾದಿದ್ದವರಂತೆ ಹತ್ತಿಪ್ಪತ್ತು ಜನ ಓಡಿಬಂದು ಕೈ ಹಚ್ಚಿದರು. ಹನ್ನೊಂದು ವರ್ಷದಲ್ಲಿ ಇಡೀ ಬಜಾರು ಆ ಕಾರಿಗೆ ಇಷ್ಟು ಉತ್ಸಾಹದಿಂದ ಕೈ ಹಚ್ಚಿದ್ದು ಅದೇ ಮೊದಲು. ಹೋ ಎಂದು ತಳ್ಳಿ, ಮೋರಿಯ ಬದಿಗೆ ಒರಗಿಸಿ, ಕೈ ಜಾಡಿಸಿಕೊಂಡು ಮತ್ತೆ ತಮ್ಮ ತಮ್ಮ ಜಾಗಕ್ಕೆ ಓಡಿದರು.

ನಬಿಸಾಬ ಮಾತ್ರ ಅಲ್ಲೇ ನಿಂತು, ಹಿಂದಿನಿಂದ ಹಿಮ್ಮಡಿ ಎತ್ತಿ ಎತ್ತಿ ನೋಡಿದ. ಜನರ ತಲೆಗಳ ಆಚೆ ಅವನಿಗೆ ಏನೂ ಕಾಣಲಿಲ್ಲ. ತನ್ನ ಫೋನನ್ನು ಗುರುಲಿಂಗನ ಕೈಗೆ ಕೊಟ್ಟ.

"ನೀವು ಎತ್ತರ ಅದೀರಿ. ಬಂದ ಕೂಡ್ಲೇ ನಂದೊಂದು ಫೋಟೋ ಹೊಡೀರಿ. ಒಳಗಿರೂ ಆ ಬೇಟಿ ಮಾರಿ ಏನಾರ ಕಂಡ್ರ ಅದೂ ಬರ್ಲಿ."

ಗುರುಲಿಂಗ ಫೋನ್ ಇಸಿದುಕೊಂಡ. ಚಪ್ಪಲಿ ಬಿಟ್ಟು, ತನ್ನ ಕಾರಿನ ಬಾನೆಟ್ ಹತ್ತಿ, ಕಲಬುರಗಿ ರಸ್ತೆಯ ಕಡೆಗೆ ಕ್ಯಾಮೆರಾ ಹಿಡಿದು ನಿಂತ.